ಗುಂಡು ಎಲ್ಲಿಂದ ಒಳಗೆ ಹೋಗಬೇಕು?

ಅಪ್ಪ ಬರ್ಮಿಂಗ್‌ಹ್ಯಾಮಿಗೆ ಬಂದ ಮೂರನೇ ದಿನವೇ ಮಳೆ ಹಿಡಿದುಕೊಂಡಿತು. ಹರಿಹರದ ಕಿರ್ಲೋಸ್ಕರ್‌ನಲ್ಲಿ ಇಪ್ಪತ್ತೆಂಟು ವರ್ಷ ಟರ್ನರ್ ಆಗಿದ್ದವರಿಗೆ ಟಿವಿ ಮುಂದೆ ಕೂತರೆ ಹೊತ್ತು ಹೋಗುವುದಿಲ್ಲ. ಕೈಗೆ ಏನಾದರೂ ಕಬ್ಬಿಣ ಬೇಕು. ಹಿತ್ತಲ ಶೆಡ್ಡಿಗೆ ಕರೆದುಕೊಂಡು ಹೋಗಿ, ಹಳೆ ಟವೆಲಿನಲ್ಲಿ ಸುತ್ತಿಟ್ಟಿದ್ದ ಬಿಎಸ್‌ಎ ಕಂಪನಿಯ ಏರ್ ರೈಫಲನ್ನು, ಅಂದರೆ ಗಾಳಿಯ ಬಲದಿಂದ ಹೊಡೆಯುವ ಬಂದೂಕನ್ನು, ಕೈಗೆ ಕೊಟ್ಟೆ. ಎರಡು ಮಹಾಯುದ್ಧಗಳ ನಡುವಿನ ಕಾಲದ್ದು. ಹರಾಜಿನಲ್ಲಿ ಕೊಂಡು ವರ್ಷವಾಗಿತ್ತು, ಇನ್ನೂ ಸರಿಯಾಗಿ ಬಿಚ್ಚಿ ನೋಡಿರಲಿಲ್ಲ.

ನಾನು ಅಂದುಕೊಂಡದ್ದು, ಅವರು ವಾಲ್‌ನಟ್ ಮರ ನೋಡುತ್ತಾರೆ, ಮೂರು ಬಂದೂಕುಗಳನ್ನು ಒಟ್ಟಿ ನಿಲ್ಲಿಸಿದ ಕಂಪನಿಯ ಗುರುತು ನೋಡುತ್ತಾರೆ ಅಂತ. ಅವರು ಅದ್ಯಾವುದನ್ನೂ ನೋಡಲಿಲ್ಲ. ನಳಿಗೆಯ ಬುಡದಲ್ಲಿದ್ದ ಪುಟ್ಟ ಹಿಡಿಯನ್ನು ಬೆರಳಿನಲ್ಲಿ ತಿರುಗಿಸಿದರು. ವಾಪಸ್ ತಿರುಗಿಸಿದರು. ಕಿವಿ ಹತ್ತಿರ ಹಿಡಿದು ಇನ್ನೊಂದು ಸಲ.

"ತಮ್ಮಾ, ಇದು ನಲ್ಲಿ ಅಲ್ಲೇನೋ?"

ನಲ್ಲಿಯೇ. ಇಂಗ್ಲೆಂಡಿನವರೂ ಅದನ್ನು ಟ್ಯಾಪ್ ಎಂದೇ ಕರೆಯುತ್ತಾರೆ. ನಮ್ಮೂರ ಬೀದಿಯ ಹಳೆ ಹಿತ್ತಾಳೆ ನಲ್ಲಿಗಳಲ್ಲಿ ಒಂದು ಬಿರಡೆ ಇರುತ್ತಿತ್ತಲ್ಲ, ಒಂದು ಕಡೆ ದಪ್ಪ, ಒಂದು ಕಡೆ ಸಪೂರ, ನಡುವೆ ಒಂದು ತೂತು. ತಿರುಗಿಸಿದಾಗ ತೂತು ಕೊಳವೆಗೆ ನೇರವಾದರೆ ನೀರು, ಅಡ್ಡವಾದರೆ ಬಂದ್. ಬಂದೂಕಿನಲ್ಲೂ ಅದೇ ಕೆಲಸ. ತೂತು ಮೇಲ್ಮುಖವಾಗಿದ್ದಾಗ ಛರೆ, ಅಂದರೆ ಪುಟ್ಟ ಸೀಸದ ಗುಂಡು, ಹಾಕಬೇಕು. ತಿರುಗಿಸಿದರೆ ಅದು ನಳಿಗೆಗೆ ನೇರವಾಗಿ ಮಲಗುತ್ತದೆ. ವರ್ಷವಿಡೀ ಈ ಬಂದೂಕುಗಳ ಬಗ್ಗೆ ಓದಿ ನನಗೆ ಅರ್ಥವಾಗದ ಒಂದು ಸಂಗತಿ, ಅಪ್ಪನ ಆ ಒಂದು ಮಾತಿನಿಂದ ಹೊಳೆಯಿತು. ಬ್ರಿಟಿಷರ ಸ್ಪ್ರಿಂಗ್ ಬಂದೂಕಿನ ಚರಿತ್ರೆಯನ್ನು ಎಲ್ಲರೂ ಶಕ್ತಿಯ ಲೆಕ್ಕದಲ್ಲಿ, ವೇಗದ ಲೆಕ್ಕದಲ್ಲಿ ಹೇಳುತ್ತಾರೆ. ನನಗೆ ಈಗ ಅದು ಒಂದೇ ಪ್ರಶ್ನೆಯ ಸುತ್ತ ಸುತ್ತಿದ ಕತೆಯಾಗಿ ಕಾಣುತ್ತದೆ: ಗುಂಡು ಎಲ್ಲಿಂದ ಒಳಗೆ ಹೋಗಬೇಕು?

ಇದು ಯಾಕೆ ಅಷ್ಟು ದೊಡ್ಡ ಪ್ರಶ್ನೆ ಅಂದರೆ, ಈ ಬಂದೂಕಿನ ಒಳಗೆ ಗಾಳಿ ಮೊದಲೇ ತುಂಬಿಕೊಂಡಿರುವುದಿಲ್ಲ. ಬಹಳ ಜನ ಹಾಗೆ ತಿಳಿದಿದ್ದಾರೆ. ಒಳಗಿರುವುದು ಒಂದು ಸಿಲಿಂಡರು, ಒಂದು ಪಿಸ್ಟನ್ನು, ಅದರ ಹಿಂದೆ ಒಂದು ದಪ್ಪ ಸ್ಪ್ರಿಂಗು. ಸನ್ನೆಯನ್ನು, ಅಂದರೆ ಲಿವರನ್ನು, ಎಳೆದರೆ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗು ಮುದುಡಿ ಸಿಕ್ಕಿಕೊಳ್ಳುತ್ತದೆ. ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಎಳೆದಾಗ ಬಿಟ್ಟುಕೊಂಡು ಮುಂದಕ್ಕೆ ನುಗ್ಗುತ್ತದೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹೊಡೆದರೆ ಬೆರಳು ಚುರ್ ಅನ್ನುತ್ತದಲ್ಲ, ಅದೇ ಇಲ್ಲಿ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. ಹಿಂಡಿಕೊಂಡ ಗಾಳಿ ನೂರಾರು ಡಿಗ್ರಿ ಬಿಸಿಯಾಗಿ, ಸಣ್ಣದೊಂದು ಕಂಡಿಯಿಂದ ಹೊರಟು ಛರೆಯನ್ನು ತಳ್ಳುತ್ತದೆ. ಆ ಕಂಡಿಗೂ ಛರೆಗೂ ನಡುವೆ ಸಾಸಿವೆಕಾಳಿನಷ್ಟು ಖಾಲಿ ಜಾಗ ಉಳಿದರೂ ನಷ್ಟ. ಕೂದಲೆಳೆಯಷ್ಟು ಸಂದಿ ಇದ್ದರೂ ನಷ್ಟ. ಆದರೆ ಛರೆ ಹಾಕುವುದಕ್ಕೆ ಅಲ್ಲೇ ಎಲ್ಲೋ ಒಂದು ಬಾಗಿಲು ತೆರೆಯಲೇಬೇಕು. ಬಾಗಿಲು ಅಂದಮೇಲೆ ಸಂದಿ ಇದ್ದೇ ಇರುತ್ತದೆ.

ಸುಲಭದ ಉತ್ತರ ನಮಗೆಲ್ಲ ಗೊತ್ತಿರುವುದೇ. ದಾವಣಗೆರೆಯ ದುರ್ಗಾಂಬಿಕಾ ಜಾತ್ರೆಯಲ್ಲಿ ಬಲೂನು ಹೊಡೆದವರು ನೆನಪಿಸಿಕೊಳ್ಳಿ. ಅಂಗಡಿಯವನು ಬಂದೂಕನ್ನು ತೊಡೆಗೆ ಒತ್ತಿ ನಳಿಗೆಯನ್ನು ಲಟಕ್ ಅಂತ ಕೆಳಗೆ ಮುರಿಯುತ್ತಿದ್ದ. ನಡುವೆ ಮಡಚಿದ ಆ ಜಾಗದಲ್ಲಿ ಛರೆ ಇಟ್ಟು ಮೇಲೆತ್ತಿ ಕೊಡುತ್ತಿದ್ದ. ನಳಿಗೆಯೇ ಸನ್ನೆ, ನಳಿಗೆಯೇ ಬಾಗಿಲು. ಇದಕ್ಕಿಂತ ಅಗ್ಗದ ಏರ್ಪಾಟು ಇಲ್ಲ. ಆದರೆ ದಿನಕ್ಕೆ ಐನೂರು ಸಲ ಮುರಿದ ಕೀಲು ಎಷ್ಟು ದಿನ ಬಿಗಿಯಾಗಿ ಇದ್ದೀತು? ನಾನು ಏಳನೇ ಕ್ಲಾಸಿನಲ್ಲಿ ಹೊಡೆದ ಬಂದೂಕಿನ ನಳಿಗೆ ಅಲ್ಲಾಡುತ್ತಿತ್ತು. ಕೆಂಪು ಬಲೂನಿಗೆ ಗುರಿಯಿಟ್ಟರೆ ಪಕ್ಕದ ಹಸಿರಿನದು ಢಬ್ ಅನ್ನುತ್ತಿತ್ತು. ಅದನ್ನೇ ಹೊಡೆದೆ ಅಂತ ಗೆಳೆಯರ ಮುಂದೆ ಬೀಗಿದ್ದೂ ಉಂಟು.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಮಾರಾಟವಾಗುತ್ತಿದ್ದ ಏರ್‌ಗನ್ನುಗಳಲ್ಲಿ ಬಹುಪಾಲು ಇದೇ ಜಾತಿಯವು, ಜರ್ಮನಿಯಿಂದ ಬಂದವು. ಆಟಿಕೆಗಿಂತ ಸ್ವಲ್ಪ ಮೇಲು, ಬಂದೂಕಿಗಿಂತ ಬಹಳ ಕೆಳಗೆ. ಬರ್ಮಿಂಗ್‌ಹ್ಯಾಮಿನ ಸ್ಟೀಲ್‌ಹೌಸ್ ಲೇನಿನಲ್ಲಿ ಅಂಗಡಿ ಇಟ್ಟಿದ್ದ ಲಿಂಕನ್ ಜೆಫ್ರೀಸ್ ಎಂಬ ಬಂದೂಕುಗಾರನೂ ಮೊದಲು ಅಂಥವನ್ನೇ ತರಿಸಿ ಮಾರುತ್ತಿದ್ದ. ಆ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಮುಗಿದಿತ್ತು. ಹೊಲದ ರೈತರು ದೂರದಿಂದಲೇ ಬ್ರಿಟಿಷ್ ಸಿಪಾಯಿಗಳನ್ನು ಉರುಳಿಸಿದ ಅವಮಾನ ಇಡೀ ದೇಶಕ್ಕೆ ಚುಚ್ಚುತ್ತಿತ್ತು. ನಮ್ಮ ಜನಕ್ಕೆ ಗುರಿ ಹೊಡೆಯಲು ಬರುವುದಿಲ್ಲ, ಊರೂರಿಗೆ ಗುರಿಕಾರರ ಕ್ಲಬ್ಬುಗಳಾಗಲಿ ಎಂದು ಲಾರ್ಡ್ ರಾಬರ್ಟ್ಸ್‌ನಂಥ ಸೇನಾನಿಗಳೇ ಪ್ರಚಾರಕ್ಕೆ ಇಳಿದರು. ಕೂಲಿಕಾರನಿಗೂ ಕೈಗೆಟುಕುವ, ಮನೆಯ ಅಂಗಳದಲ್ಲೂ ಅಭ್ಯಾಸ ಮಾಡಬಹುದಾದ, ಆದರೆ ನಿಜವಾಗಿಯೂ ನೇರ ಹೊಡೆಯುವ ಬಂದೂಕು ಬೇಕಾಗಿತ್ತು.

ಜೆಫ್ರೀಸ್ 1904ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ನಳಿಗೆ ಅಲ್ಲಾಡುವ ಮಾತೇ ಇಲ್ಲ. ಸಿಲಿಂಡರಿಗೆ ಅದು ಕಾಯಂ ಕೂತಿದೆ. ಸ್ಪ್ರಿಂಗು ಎಳೆಯಲು ನಳಿಗೆಯ ಕೆಳಗೆ ಬೇರೆಯೇ ಒಂದು ಸನ್ನೆ. ಬಾಗಿಲಿಗೆ ಅಡ್ಡವಾಗಿ ನಲ್ಲಿಯ ಬಿರಡೆ. ನೋಡಲು ಸರಳ. ಮಾಡಲು ಅಲ್ಲ. ಬಿರಡೆಯ ಟೇಪರ್, ಅಂದರೆ ಆ ಸಪೂರವಾಗುತ್ತ ಹೋಗುವ ಇಳಿಜಾರು, ಮತ್ತು ಅದು ಕೂರುವ ಗೂಡಿನ ಟೇಪರ್ ಒಂದಕ್ಕೊಂದು ಉಜ್ಜಿ ಉಜ್ಜಿ ಕೂರಿಸಿದ್ದಾಗಿರಬೇಕು, ವೀಣೆಯ ಬಿರಡೆಯನ್ನು ಅದರ ತೂತಿಗೇ ಹೊಂದಿಸುವ ಹಾಗೆ. ಒಂದರ ಬಿರಡೆ ತೆಗೆದು ಇನ್ನೊಂದಕ್ಕೆ ಹಾಕಿದರೆ ಸೋರುತ್ತದೆ. ಇದನ್ನು ಸಾವಿರಗಟ್ಟಲೆ ತಯಾರಿಸಬಲ್ಲ ಕಾರ್ಖಾನೆ ಊರಲ್ಲೇ ಇತ್ತು. ಸ್ಮಾಲ್ ಹೀತ್ ಬಡಾವಣೆಯ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬಿಎಸ್‌ಎ. ಬಂದೂಕುಗಾರರೇ ಕೂಡಿ 1861ರಲ್ಲಿ ಕಟ್ಟಿದ ಕಂಪನಿ. ಸೈನ್ಯಕ್ಕೆ ರೈಫಲ್ ಮಾಡಿ ಪಳಗಿದ ಯಂತ್ರಗಳು, ಯುದ್ಧ ಮುಗಿದು ಆರ್ಡರ್ ಕಮ್ಮಿಯಾದ ಕಾಲ. 1905ರಿಂದ ಏರ್ ರೈಫಲ್ ಹೊರಬೀಳತೊಡಗಿತು.

ನಾನು ಒತ್ತಿ ಹೇಳಬೇಕಾದದ್ದು ಇದು: ನೈಜ ಸೈನಿಕ ರೈಫಲ್ಲಿನ ನಳಿಗೆ ಕೊರೆಯುವ ಕೈಗಳೇ ಇದರ ನಳಿಗೆಯನ್ನೂ ಕೊರೆದವು. ಅದಕ್ಕೇ ಅದು ಆಟಿಕೆಯ ಮನೆತನದಿಂದ ಹೊರಬಂತು. ಮೊದಲ ಮಹಾಯುದ್ಧಕ್ಕೂ ಮುಂಚೆ ಬಿಎಸ್‌ಎ ಲೀ ಎನ್‌ಫೀಲ್ಡ್ ರೈಫಲ್ಲಿನ ವೇಷ ಹಾಕಿಸಿದ ಏರ್ ರೈಫಲನ್ನೂ ಮಾಡಿತ್ತು, ಸೈನಿಕರ ಅಭ್ಯಾಸಕ್ಕೆಂದು. ಹೆಚ್ಚು ಓಡಲಿಲ್ಲ. ಈಗ ಅದು ಸಂಗ್ರಹಕಾರರ ಕಪಾಟಿನಲ್ಲಿದೆ, ನನ್ನ ಕಿಸೆಗೆ ಎಟುಕುವುದಲ್ಲ.

ಛರೆಯ ಬಗ್ಗೆ ಒಂದು ಮಾತು. ನಡು ಸಣ್ಣಗಿರುವ ಆ ಸೀಸದ ಗುಂಡನ್ನು ಇಂಗ್ಲಿಷಿನಲ್ಲಿ ಡಯಾಬೊಲೊ ಅನ್ನುತ್ತಾರೆ, ದಾರದ ಮೇಲೆ ಕುಣಿಸುವ ಒಂದು ಆಟಿಕೆಯ ಹೆಸರು. ನಮ್ಮವರ ಕಣ್ಣಿಗೆ ಅದು ಶಿವನ ಕೈಯ ಡಮರುಗವೇ. ಹಿಂದಿನ ಅಂಚು ತೆಳ್ಳಗೆ, ಟೊಳ್ಳು. ಗಾಳಿ ತುಂಬಿಕೊಂಡಾಗ ಅದು ಅರಳಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬಿಎಸ್‌ಎಯ ನಲ್ಲಿಗೆ ಈ ಡಮರುಗ ಹೇಳಿ ಮಾಡಿಸಿದ ಹಾಗಿತ್ತು, ಆದರೆ ಒಂದು ಎಡವಟ್ಟೂ ಇತ್ತು. ಛರೆ ಬಿರಡೆಯ ತೂತಿನಲ್ಲಿ ಸಡಿಲವಾಗಿ ಮಲಗಿರುತ್ತದೆ. ಹೊಡೆದಾಗ ಅಲ್ಲಿಂದ ನಳಿಗೆಯ ಬಾಯಿಗೆ ಒಂದು ಸಣ್ಣ ನೆಗೆತ. ತೂತು ನಳಿಗೆಗೆ ಒಂದಿಷ್ಟು ಓರೆಯಾಗಿದ್ದರೂ ಹಾಯುವಾಗ ಸೀಸದ ಅಂಚು ಕೆರೆದುಹೋಗುತ್ತದೆ. ಅಲ್ಲಾಡುವ ನಳಿಗೆಯ ಕಾಯಿಲೆ ಹೋಯಿತು, ನೆಗೆಯುವ ಛರೆಯ ಕಾಯಿಲೆ ಬಂತು. ಬ್ರಿಟನ್ ಈ ಎರಡನೆಯದರ ಜೊತೆ ಸುಮಾರು ಎಂಬತ್ತು ವರ್ಷ ಸಂಸಾರ ಮಾಡಿತು.

ಆ ಸಂಸಾರದ ಸಡಗರ ನೋಡಬೇಕಾದರೆ ಪಬ್ಬಿಗೆ ಹೋಗಬೇಕು. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ, ವೇಲ್ಸಿನ ಗಡಿಯ ಕಡೆ, ಪಬ್ಬುಗಳ ಹಿಂದಿನ ಕೋಣೆಗಳಲ್ಲಿ ಗಂಟೆ ಹೊಡೆಯುವ ಆಟ ಇತ್ತು, ಕೆಲವು ಕಡೆ ಇನ್ನೂ ಇದೆ. ಕಬ್ಬಿಣದ ತಟ್ಟೆ, ನಡುವೆ ಇಂಚಿನ ಎಂಟರಲ್ಲಿ ಮೂರು ಪಾಲಿನ ತೂತು. ಅದರ ಹಿಂದೆ ಗಂಟೆ. ದೂರ ಆರೇಳು ಗಜ. ಛರೆ ತೂತಿನ ಮೂಲಕ ಹಾಯ್ದರೆ ಟಣ್. ಇಲ್ಲದಿದ್ದರೆ ತಟ್ಟೆಯ ಮೇಲೆ ಬಳಿದ ಬಿಳಿ ಲೇಪದಲ್ಲಿ ಬೂದು ಕಲೆ, ಜೊತೆಗೆ ನಾಲ್ಕು ಜನರ ನಗು. ಇಷ್ಟು ಹತ್ತಿರದಲ್ಲಿ ಇಷ್ಟು ಚಿಕ್ಕ ತೂತಿಗೆ ಹೊಡೆಯುವ ಆಟದಲ್ಲಿ ಶಕ್ತಿ ಯಾರಿಗೂ ಬೇಕಿಲ್ಲ. ಬೇಕಿರುವುದು ನೂರು ಸಲ ಹೊಡೆದರೂ ಒಂದೇ ಜಾಗಕ್ಕೆ ಹೋಗುವ ನಳಿಗೆ. ಜೆಫ್ರೀಸನ ವಿನ್ಯಾಸ ಅಷ್ಟು ದಿನ ಬದುಕಿದ್ದಕ್ಕೆ ಈ ಗಂಟೆಯೂ ಕಾರಣ ಎಂದು ನನ್ನ ನಂಬಿಕೆ.

ಅದೇ ಊರಿನ ವೆಬ್ಲಿ ಕಂಪನಿ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಹಿಡಿಯಿತು. 1924ರಲ್ಲಿ ಅವರು ತಂದ ಏರ್ ಪಿಸ್ತೂಲಿನಲ್ಲಿ ನಳಿಗೆ ಸಿಲಿಂಡರಿನ ಮುಂದೆ ಇಲ್ಲ, ಅದರ ತಲೆಯ ಮೇಲೆ ಮಲಗಿದೆ. ನಳಿಗೆಯ ಹಿಂದುಗಡೆ ಕೊಂಡಿ ಕಳಚಿ ಮೇಲೆತ್ತಿ ಮುಂದಕ್ಕೆ ಮಗುಚಿದರೆ ಸ್ಪ್ರಿಂಗು ಎಳೆಯುತ್ತದೆ, ನಳಿಗೆಯ ಬಾಲವೂ ತೆರೆದುಕೊಳ್ಳುತ್ತದೆ. ಹೊಡೆದಾಗ ಪಿಸ್ಟನ್ ಓಡುವುದು ಮುಂದಕ್ಕಲ್ಲ, ನಿಮ್ಮ ಕಡೆಗೆ! ಮೊದಲ ಸಲ ಅದರ ಅಡ್ಡಸೀಳಿನ ಚಿತ್ರ ನೋಡಿದಾಗ ಮುದ್ರಣದ ತಪ್ಪು ಅಂದುಕೊಂಡಿದ್ದೆ. ಇದೇ ಯೋಚನೆಯನ್ನು ಹಿಗ್ಗಿಸಿ 1926ರಲ್ಲಿ ರೈಫಲ್, 1930ರ ದಶಕದ ಆರಂಭದಲ್ಲಿ ಮಾರ್ಕ್ 2 ಸರ್ವಿಸ್ ರೈಫಲ್. ಈ ಸರ್ವಿಸ್‌ನಲ್ಲಿ ಛರೆ ನೇರವಾಗಿ ನಳಿಗೆಯೊಳಗೇ ಕೂರುತ್ತದೆ, ನೆಗೆತ ಇಲ್ಲ. ನಳಿಗೆಯನ್ನು ಬಿಗಿಯಲು ಬೋಲ್ಟಿನಂಥ ಕೊಂಡಿ ಇರುವುದರಿಂದ ಅಲ್ಲಾಟವೂ ಇಲ್ಲ. ಮೇಲಾಗಿ ನಳಿಗೆ ಕಳಚಿ ಬೇರೆ ಹಾಕಬಹುದು: 0.177, 0.22, 0.25 ಇಂಚು, ಮೂರು ಅಳತೆ, ಒಂದೇ ಬಂದೂಕು. ಎರಡೂ ಕಾಯಿಲೆಗೆ ಒಂದೇ ಮದ್ದು. ಆದರೆ ಮದ್ದಿನ ಬೆಲೆ ಜಾಸ್ತಿ, ಬಿಡಿಭಾಗ ಜಾಸ್ತಿ, ನೋಡಲು ಕೊಳಾಯಿ ರಿಪೇರಿ ಸಾಮಾನಿನ ಹಾಗೆ. ಯುದ್ಧ ಮುಗಿಯುವ ಹೊತ್ತಿಗೆ ಅದೂ ಮುಗಿಯಿತು. ವಿಚಿತ್ರ ಅಂದರೆ 1947ರಲ್ಲಿ ಅದರ ಜಾಗಕ್ಕೆ ವೆಬ್ಲಿ ತಂದ ಮಾರ್ಕ್ 3, ಕಾಯಂ ನಳಿಗೆ, ಕೆಳಸನ್ನೆ, ನಲ್ಲಿ. ಅಂದರೆ ಎದುರಾಳಿ ಕಂಪನಿ ನಲವತ್ತು ವರ್ಷ ಹಿಂದೆ ಹಾಕಿದ್ದ ದಾರಿಗೇ ವಾಪಸ್. 1975ರವರೆಗೆ ಮಾಡಿದರು. ಅದರ ಕಪ್ಪುನೀಲಿ ಮೆರುಗು ನೋಡಿದರೆ ಕೈತೊಳೆದು ಮುಟ್ಟಬೇಕು ಅನ್ನಿಸುತ್ತದೆ.

ಯುದ್ಧ ಬಿಎಸ್‌ಎಯನ್ನು ಸುಮ್ಮನೆ ಬಿಡಲಿಲ್ಲ. 1940ರ ನವೆಂಬರ್ 19ರ ರಾತ್ರಿ ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ ಜರ್ಮನ್ ಬಾಂಬು ಬಿದ್ದು 53 ಕೆಲಸಗಾರರು ಸತ್ತರು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ನೈಟ್ ಶಿಫ್ಟಿನವರೇನು?" ಹೌದು ಅಂದೆ. ಸ್ವಲ್ಪ ಹೊತ್ತು ಬಂದೂಕು ಕೆಳಗಿಟ್ಟು ಕೂತಿದ್ದರು.

ಯುದ್ಧ ಮುಗಿದ ಮೂರು ವರ್ಷದ ನಂತರ, ಗೆದ್ದೂ ಬಡವಾದ ದೇಶದಲ್ಲಿ, 1948ರಲ್ಲಿ, ಬಿಎಸ್‌ಎ ಏರ್‌ಸ್ಪೋರ್ಟರ್ ತಂದಿತು. ರೋಜರ್ ವಾಕ್ರೋ ಎಂಬವರ ವಿನ್ಯಾಸ. ಸನ್ನೆಯನ್ನು ಮರದ ಹೊಟ್ಟೆಯೊಳಗೆ ಅಡಗಿಸಿಟ್ಟರು. ಸಿಲಿಂಡರು ಮುಂದೆ ಬರುತ್ತಾ ಕಿರಿದಾಗಿ ನಳಿಗೆಯೊಳಗೆ ಕರಗಿಹೋಗುತ್ತದೆ. ಮತ್ತೆ ನಲ್ಲಿ? ಸನ್ನೆ ಎಳೆದರೆ ಬಿರಡೆ ತಾನಾಗಿಯೇ ತಿರುಗಿ ಬಾಯಿ ತೆರೆಯುತ್ತದೆ. ಛರೆ ಹಾಕಿ ಮುಚ್ಚುವುದಷ್ಟೇ ನಿಮ್ಮ ಕೆಲಸ. ಬ್ರಿಟಿಷ್ ಏರ್‌ಗನ್ನುಗಳಲ್ಲಿ ಇದರಷ್ಟು ಅಂದದ್ದು ಇನ್ನೊಂದಿಲ್ಲ, ಈ ವಿಷಯದಲ್ಲಿ ನಾನು ಜಗಳಕ್ಕೂ ತಯಾರು. ಹಾಗಂತ ಅದು ಪ್ರಶ್ನೆಗೆ ಹೊಸ ಉತ್ತರವೇನೂ ಅಲ್ಲ. ಹಳೆ ಬಾಗಿಲಿಗೆ ಬಾಗಿಲುಕಾಯುವವನನ್ನು ನೇಮಿಸಿದ ಹಾಗೆ, ಅಷ್ಟೇ.

ಹೊಸ ಉತ್ತರ ಬೇಡವಾದದ್ದಕ್ಕೆ ಕಾರಣ ದುಡ್ಡು. 1959ರಲ್ಲಿ ಬಂದ ಬಿಎಸ್‌ಎ ಮೀಟಿಯರ್, ಜಾತ್ರೆಯ ಬಂದೂಕಿನಂತೆ ನಳಿಗೆ ಮುರಿಯುವ ಜಾತಿ. ಟೇಪರ್ ಇಲ್ಲ, ಕೈಯಲ್ಲಿ ಉಜ್ಜುವ ಕೆಲಸ ಇಲ್ಲ, ತಗಡು ಒತ್ತಿ ಮಾಡಿದ ಭಾಗಗಳು. ಇಂಗ್ಲೆಂಡಿನ ಎರಡು ಮೂರು ತಲೆಮಾರಿನ ಹುಡುಗರು ಕಲಿತದ್ದು ಇದರಲ್ಲೇ. ನನ್ನ ಪಕ್ಕದ ಮನೆಯ, ಟೂಲ್‌ಮೇಕರ್ ಆಗಿ ನಿವೃತ್ತರಾದ ಹಿರಿಯರು ಏರ್‌ಸ್ಪೋರ್ಟರ್ ನೋಡಿ "ಚೆನ್ನಾಗಿದೆ" ಅಂತಾರೆ, ಮೀಟಿಯರ್ ನೋಡಿದರೆ ಮುಖವೇ ಬದಲಾಗುತ್ತದೆ.

ಇದೇ ಕಾಲದ ಇನ್ನೊಂದು ತಮಾಷೆ. ಜರ್ಮನಿಯ ಡಯಾನಾ ಕಂಪನಿಯ ಯಂತ್ರಗಳನ್ನೂ ಹೆಸರನ್ನೂ ಯುದ್ಧದ ಪರಿಹಾರವಾಗಿ ಸ್ಕಾಟ್‌ಲೆಂಡಿನ ಮದರ್‌ವೆಲ್‌ನ ಮಿಲ್‌ಬ್ರೋ ಕಂಪನಿಗೆ ಕೊಟ್ಟರು. ಆಮೇಲೆ ಜರ್ಮನರು ಮತ್ತೆ ಕೆಲಸ ಶುರುಮಾಡಿದಾಗ ತಮ್ಮ ಬಂದೂಕನ್ನು ಬ್ರಿಟನ್‌ನಲ್ಲಿ ತಮ್ಮ ಹೆಸರಲ್ಲಿ ಮಾರುವ ಹಾಗಿಲ್ಲ! "ಒರಿಜಿನಲ್" ಎಂದು ಕೆತ್ತಿಸಿ ಮಾರಿದರು. ಹೆಸರು ವಾಪಸ್ ಸಿಕ್ಕಿದ್ದು 1980ರ ದಶಕದಲ್ಲಿ.

1969ರಲ್ಲಿ ಕಾನೂನು ಗೆರೆ ಎಳೆಯಿತು. ಏರ್ ರೈಫಲ್ಲಿನ ಶಕ್ತಿ 12 ಅಡಿ-ಪೌಂಡ್ ದಾಟಿದರೆ ಅದಕ್ಕೆ ಬಂದೂಕಿನ ಲೈಸೆನ್ಸೇ ಬೇಕು. ಸುಮಾರು ಐದೂವರೆ ಕೆಜಿ ತೂಕವನ್ನು ಒಂದಡಿ ಎತ್ತುವಷ್ಟು ಶಕ್ತಿ, 16 ಜೂಲ್‌ನಷ್ಟು. (ನಮ್ಮ ದೇಶದ 2016ರ ಆಯುಧ ನಿಯಮಗಳಲ್ಲಿ ಗೆರೆ 20 ಜೂಲ್, ಆದರೆ ನಳಿಗೆ 0.177 ಇಂಚು ಮೀರುವಂತಿಲ್ಲ.) ಗೆರೆ ಎಳೆದಾಗ ಬ್ರಿಟಿಷ್ ಬಂದೂಕುಗಳಲ್ಲಿ ಬಹುಪಾಲು ಆ ಗೆರೆಗಿಂತ ಕೆಳಗೇ ಇದ್ದವು. ನಲ್ಲಿಯ ಸೋರಿಕೆ, ಖಾಲಿ ಜಾಗ, ಹಳೆ ಸ್ಪ್ರಿಂಗು. ಜರ್ಮನ್ ಬಂದೂಕುಗಳು ಬಂದು ಗೆರೆ ಮುಟ್ಟಿ ನಿಂತವು. ಆಗ ಪೈಪೋಟಿಯ ದಿಕ್ಕೇ ಬದಲಾಯಿತು. ಶಕ್ತಿ ಎಲ್ಲರದೂ ಒಂದೇ ಆದಮೇಲೆ ಯಾರದು ಕಮ್ಮಿ ಒದೆಯುತ್ತದೆ, ಯಾರದು ಕಮ್ಮಿ ನಡುಗುತ್ತದೆ ಅನ್ನುವುದೇ ಲೆಕ್ಕ.

ಸ್ಪ್ರಿಂಗ್ ಬಂದೂಕಿನ ಒದೆತ ವಿಚಿತ್ರದ್ದು. ಪಿಸ್ಟನ್ ಮುಂದೆ ನುಗ್ಗುವಾಗ ಬಂದೂಕು ಹಿಂದೆ ಸರಿಯುತ್ತದೆ. ಪಿಸ್ಟನ್ ತುದಿಗೆ ಹೋಗಿ ನಿಂತಾಗ ಬಂದೂಕು ಮುಂದೆ ಜಗ್ಗುತ್ತದೆ. ಛರೆ ಇನ್ನೂ ನಳಿಗೆಯಲ್ಲೇ ಇರುವಾಗ ಇದೆಲ್ಲ ನಡೆಯುತ್ತದೆ. ಗಟ್ಟಿಯಾಗಿ ಹಿಡಿದರೆ ಗುರಿ ಕೆಡುತ್ತದೆ. ಹಕ್ಕಿಮರಿ ಹಿಡಿದ ಹಾಗೆ ಹಿಡಿಯಬೇಕು. ಒಳಗೆ ಇನ್ನೂ ಒಂದು ಗುಟ್ಟಿದೆ: ಪಿಸ್ಟನ್ನಿನ ತೊಗಲಿಗೆ ಹಾಕಿದ ಎಣ್ಣೆ ಆ ಬಿಸಿಗೆ ಸ್ವಲ್ಪ ಉರಿಯುತ್ತದೆ. ಕಾರ್ಡ್ಯೂ ಎಂಬ ಇಂಗ್ಲಿಷ್ ತಂದೆ-ಮಗ ಬಂದೂಕನ್ನು ನೈಟ್ರೋಜನ್‌ನಲ್ಲಿ ಹೊಡೆದು ನೋಡಿದರು. ಆಮ್ಲಜನಕ ಇಲ್ಲದಾಗ ವೇಗ ಬಿತ್ತು. ಶುದ್ಧ ಗಾಳಿಯ ಬಂದೂಕು ಅಂದುಕೊಂಡದ್ದರಲ್ಲೂ ಒಂದು ಚಿಟಿಕೆ ಬೆಂಕಿ ಇತ್ತು.

ನಲ್ಲಿಯ ಕತೆ ಮುಗಿಸಿದ್ದು ಜರ್ಮನಿಯ ವೈರಾಖ್ ಕಂಪನಿ. 1980ರ ದಶಕದ ಅವರ ಎಚ್‌ಡಬ್ಲ್ಯೂ 77ರಲ್ಲಿ ಕಾಯಂ ನಳಿಗೆ, ಕೆಳಸನ್ನೆ ಎಲ್ಲ ಇದೆ, ನಲ್ಲಿ ಇಲ್ಲ. ಸನ್ನೆ ಎಳೆದರೆ ಸಿಲಿಂಡರೇ ಹಿಂದಕ್ಕೆ ಜಾರಿ ನಳಿಗೆಯ ಬುಡ ಬಯಲಾಗುತ್ತದೆ. ಛರೆಯನ್ನು ಬೆರಳಿನಿಂದ ನೇರ ಒಳಗೆ ಒತ್ತಿದರಾಯಿತು. ಬಾಗಿಲಿಗೆ ಬೇರೆ ತೂತು ಕೊರೆಯುವ ಬದಲು ಗೋಡೆಯನ್ನೇ ಸರಿಸಿದರು. ಇದನ್ನೇ ತಿದ್ದಿ ತೀಡಿ ಸಸೆಕ್ಸ್‌ನ ಏರ್ ಆರ್ಮ್ಸ್ ಕಂಪನಿ ಟಿಎಕ್ಸ್ 200 ಮಾಡಿತು. ಸ್ಪ್ರಿಂಗು ತಪ್ಪಿ ಬಿಟ್ಟುಕೊಂಡರೆ ಸಿಲಿಂಡರು ಬೆರಳು ಕತ್ತರಿಸದಂತೆ ಹಲ್ಲುಪಟ್ಟಿಯ ತಡೆಯನ್ನೂ ಇಟ್ಟರು. ಅದರಲ್ಲಿ ಹೊಡೆದಿದ್ದೇನೆ. ದೂರಲು ಏನೂ ಸಿಗಲಿಲ್ಲ, ಅದೇ ನನ್ನ ದೂರು. ಬಿಎಸ್‌ಎ ಅಷ್ಟರಲ್ಲಿ, 1986ರಲ್ಲಿ, ಸ್ಪೇನಿನ ಗಾಮೊ ಕಂಪನಿಯ ಕೈಗೆ ಹೋಗಿತ್ತು.

ಶೆಡ್ಡಿನಲ್ಲಿ ಅಪ್ಪ ಬಿರಡೆ ಬಿಚ್ಚಿದ್ದರು. ಮನೆಯಲ್ಲಿ ಪ್ರಷಿಯನ್ ಬ್ಲೂ ಐತೇನು ಅಂದರು. ಇರಲಿಲ್ಲ. ನನ್ನ ಮಗಳ ಬಣ್ಣದ ಟ್ಯೂಬಿನ ನೀಲಿಗೆ ಒಂದು ತೊಟ್ಟು ಎಣ್ಣೆ ಕಲಸಿ ಬಿರಡೆಗೆ ತೆಳ್ಳಗೆ ಸವರಿ, ಗೂಡಿಗೆ ಒತ್ತಿ ತಿರುಗಿಸಿ ತೆಗೆದರು. ನೀಲಿ ಒಂದು ಬದಿಗೆ ಅಳಿಸಿತ್ತು, ಇನ್ನೊಂದು ಬದಿಗೆ ಗೂಡು ತಾಕದೆ ಹಾಗೇ ಇತ್ತು. ಸೋರುವುದು ಅಲ್ಲೇ. ಪಕ್ಕದ ಮನೆಯವರ ಹತ್ತಿರ ಲೋಹ ಉಜ್ಜುವ ಸಣ್ಣ ಲ್ಯಾಪಿಂಗ್ ಪೇಸ್ಟ್ ಇಸಕೊಂಡು ಬಂದೆ. ಅಪ್ಪ ಬಿರಡೆಯನ್ನು ಬೆರಳ ತುದಿಯಲ್ಲಿ ಹಿಡಿದು ಹಿಂದೆ ಮುಂದೆ, ಹಿಂದೆ ಮುಂದೆ, ನಡುನಡುವೆ ಎತ್ತಿ ಒರೆಸಿ, ಮತ್ತೆ ನೀಲಿ. ಕೈ ನಡುಗುತ್ತಿರಲಿಲ್ಲ. ಚಹಾ ಲೋಟ ಹಿಡಿದಾಗ ನಡುಗುತ್ತದೆ.

ಹತ್ತು ನಿಮಿಷಕ್ಕೆ ನಿಲ್ಲಿಸಿದರು.

"ಇನ್ನೊಂದೀಟು ಉಜ್ಜಪ್ಪಾಜಿ, ಪೂರ್ತಿ ಕೂರಲಿ."

"ಬ್ಯಾಡ. ಟೇಪರ್ ಐತಿ ಇದು. ಉಜ್ಜಿದಷ್ಟೂ ಒಳಕ್ಕಿಳೀತೈತಿ. ತೂತು ಪಕ್ಕಕ್ಕ ಸರದ್ರ ನಳಿಗಿಗೆ ಕೂಡಂಗಿಲ್ಲ." ಟಾರ್ಚ್ ಹಿಡಿದು ತೋರಿಸಿದರು. ತೂತಿನ ಅಂಚು ಆಗಲೇ ಉಗುರಿನ ಚಂದ್ರನಷ್ಟು ಸರಿದಿತ್ತು. "ನಮಗಿಂತ ಮೊದಲು ಯಾರೋ ಎರಡು ಮೂರು ಸಲ ಉಜ್ಜ್ಯಾರ ಇದನ್ನ."

ಜೋಡಿಸಿ, ಬಿರಡೆಯ ಸುತ್ತ ಎಣ್ಣೆ ಹಚ್ಚಿ ಹೊಡೆದೆವು. ಸೋರಿಕೆಯ ಗುಳ್ಳೆ ಬಂತು, ಆದರೆ ಕಮ್ಮಿ. ಮಳೆ ನಿಂತಿತ್ತು. ಶೆಡ್ಡಿನ ಗೋಡೆಗೆ ದಪ್ಪ ಹಲಗೆ ಆನಿಸಿ, ಅದರ ಮುಂದೆ ಅಡುಗೆಮನೆಯಿಂದ ತಂದ ಸ್ಟೀಲ್ ಡಬ್ಬಿಯ ಮುಚ್ಚಳ ದಾರದಲ್ಲಿ ಇಳಿಬಿಟ್ಟೆ. ಅಪ್ಪ ಮೂರು ಸಲ ಹೊಡೆದರು, ಮೂರೂ ಹಲಗೆಗೆ. ಹಿಡಿತ ಸಡಿಲ ಮಾಡಿ ಅಂದೆ. ನಾಲ್ಕನೆಯದಕ್ಕೆ ಟಣ್ ಅಂತು.

ಅಡುಗೆಮನೆ ಕಿಟಕಿ ತೆರೆಯಿತು. "ಏನ್ ಬಿತ್ತ್ರೀ ಅಲ್ಲಿ?" ಅಂದಳು ಅವ್ವ.